ತೋಳದ ಹಗ್ಗ

ಕೇಳ್ರಪ್ಪಾ, ಇವತ್ತು ಬಾಣಸವಾಡಿಯ ನಮ್ಮನೇಲಿ ದಾಳ ಉರುಳಿಸಿ ಕಥೆ ಕಟ್ಟೋ ಆಟ ನಡೀತಿತ್ತು. ಕಥೆ ನಡೆಸೋ ಇಮ್ರಾನ್, "ಮಗಾ, ನಿನ್ನ ತೋಳಕ್ಕೆ ವಯಸ್ಸಾಯ್ತು, ಕಾಡಿಗೆ ಬಿಟ್ಬಿಡು" ಅಂದ. ಆಟದಲ್ಲಿ ಮರಿಯಿಂದ ಸಾಕಿದ ತೋಳ ಅದು. ಜಗಳ ಆಡಿ, ಕಣ್ಣೊರೆಸ್ಕೊಂಡು ಒಪ್ಕೊಂಡೆ.

ಪಕ್ಕದಲ್ಲಿ ಅವರೆಕಾಯಿ ಸುಲೀತಿದ್ದ ನಮ್ಮಜ್ಜಿ ತಲೆ ಎತ್ತಿದ್ರು. "ಹಗ್ಗ ಬಿಚ್ಚಿ ಇಟ್ಕೊಂಡ್ಯಾ? ಹಸು ಮಾರಿದ್ರೂ ನಾವು ಹಗ್ಗ ಕೊಡ್ತಿರ್ಲಿಲ್ಲ. ಹಗ್ಗ ಇದ್ರೆ ಕೊಟ್ಟಿಗೆ ಮತ್ತೆ ತುಂಬುತ್ತೆ."

ಇಮ್ರಾನ್ ನಕ್ಕ. "ಅಜ್ಜಿ, ತೋಳಕ್ಕೆ ಹಗ್ಗ ಎಲ್ಲಿತ್ತು?"

"ಇಲ್ಲದ ತೋಳಕ್ಕೆ ಅಳ್ತಾ ಕೂತಿದ್ದೀರ. ಹಗ್ಗ ಒಂದು ಇಲ್ದೇ ಹೋಯ್ತಾ?"

ಇಮ್ರಾನ್ "ಹಗ್ಗ ಒಂದು" ಅಂತ ಬರ್ಕೊಂಡ. ತೋಳ ಹೋಯ್ತು, ಹಗ್ಗ ಆಟದಲ್ಲಿ ನನ್ನ ಚೀಲ ಸೇರ್ತು. ಆ ಹಗ್ಗಕ್ಕೆ ಹಸುನೇ ಕಟ್ಬೇಕು ಅಂತ ಈಗ ಅಜ್ಜಿ ಹಠ. ಮುಂದಿನ ಭಾನುವಾರದ ಆಟದಲ್ಲಿ ಬೆಂಕಿ ಉಗುಳೋ ಡ್ರ್ಯಾಗನ್ ಎದುರಿಗೆ ನಿಲ್ಲೋದು ನಾನು, ಜೊತೆಗೆ ಒಂದು ಸೀಮೆಹಸು.