ಅಳತೆಯ ಎರಡು ಲೋಟ

ನನ್ನ ಭಾವ, ಅಕ್ಕನ ಗಂಡ, ತುಂಬ ಒಳ್ಳೆಯವರು ಅಂತ ಊರೆಲ್ಲ ಹೇಳುತ್ತೆ. ನಾನೂ ಹೇಳುತ್ತೇನೆ, ಹಲ್ಲು ಕಚ್ಚಿಕೊಂಡು. ಮೂವತ್ತೊಂದು ವರ್ಷದಿಂದ ಚರ್ಚಿನ ಬಾಗಿಲು ತೆಗೆಯೋದು, ಗಂಟೆ ಹೊಡೆಯೋದು, ಬೆಂಚು ಒರೆಸೋದು ಎಲ್ಲ ಅವರದೇ. ಸೊಂಟದಲ್ಲಿ ಸದಾ ಕೀಲಿ ಗೊಂಚಲು ನೇತಾಡುತ್ತಿರೋದರಿಂದ ಎಲ್ಲರ ಬಾಯಲ್ಲೂ ಅವರು ಬೀಗದಕೈ. ಹೊಸ ಫಾದರ್ ಪೂಜೆಯಲ್ಲಿ ಒಂದು ಸಾಲು ಬಿಟ್ಟರೂ ಹಿಂದಿನ ಬೆಂಚಿನಿಂದ ಕೆಮ್ಮುತ್ತಿದ್ದರು. "ನೀವೇ ಹೋಗಿ ನಿಂತ್ಕೊಳ್ಳಿ ಭಾವ, ಅವರಿಗ್ಯಾಕೆ ತೊಂದರೆ" ಅಂತ ನಾನು ರೇಗಿಸುತ್ತಿದ್ದೆ.

ಅವರಿಗೆ ಎಲ್ಲಕ್ಕಿಂತ ಇಷ್ಟದ ಕೆಲಸ ನೀರಿನದು. ಮಗುವಿನ ಜ್ಞಾನಸ್ನಾನ ಇದ್ದ ದಿನ ಚರ್ಚಿನ ಹಿಂದಿನ ಬಾವಿಯಿಂದ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಕಲ್ಲಿನ ತೊಟ್ಟಿಗೆ ತುಂಬುತ್ತಿದ್ದರು. ಆಶೀರ್ವದಿಸಿದ ನೀರು ಉಳಿದರೆ ಚರಂಡಿಗೆ ಚೆಲ್ಲುವಂತಿಲ್ಲ, ಮಣ್ಣಿಗೇ ಸೇರಬೇಕು. ಭಾವ ಅದನ್ನು ಗೋಡೆ ಪಕ್ಕದ ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ನಾವೆಲ್ಲ ಕ್ರೈಸ್ತರಾದದ್ದು ಆ ಬಾವಿಯ ನೀರಿನಲ್ಲೇ.

ಬಾವಿಯ ಹಿಂದೆ ಗುಡ್ಡ. ಗುಡ್ಡ ಅನ್ನೋದು ಈಗ ಬರೀ ಮಾತಿಗೆ, ತಾಮ್ರದ ಗಣಿ ಅದನ್ನು ಅರ್ಧಕ್ಕರ್ಧ ತಿಂದು ಹಾಕಿದೆ. ಅದಿರು ತೊಳೆದ ಕೊಚ್ಚೆಯೆಲ್ಲ ಗುಡ್ಡದಾಚೆ ಒಂದು ಕಟ್ಟೆಯಲ್ಲಿ ನಿಂತಿದೆ. ಚರ್ಚಿನ ಹೊಸ ಸೂರು, ಬೆಂಚು ಎಲ್ಲ ಗಣಿಯವರು ಕೊಟ್ಟದ್ದು. ನಾನು ಪಾತ್ರೆ ತೊಳೆಯೋದೂ ಅವರ ಕ್ಯಾಂಟೀನಿನಲ್ಲೇ. ಅವರ ಅನ್ನ ತಿಂದು ಅವರನ್ನೇ ಬಯ್ಯುತ್ತಿದ್ದೇನೆ, ಗೊತ್ತು.

ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಕಿಡ್ನಿಯ ಕಾಯಿಲೆ ಶುರುವಾಯಿತು. ಡಾಕ್ಟರು ಕುಡಿಯೋ ನೀರಿಗೂ ಅಳತೆ ಹಾಕಿಬಿಟ್ಟರು, ದಿನಕ್ಕೆ ಎರಡೇ ಲೋಟ. ಬಾಯಾರಿ ಬಾಯಾರಿ ಅವಳ ತುಟಿ ಒಡೆದುಹೋಗುತ್ತಿತ್ತು. ಆ ಎರಡರಲ್ಲಿ ಒಂದು ಲೋಟ ಆಶೀರ್ವದಿಸಿದ ನೀರೇ ಆಗಲಿ ಅಂತ ಭಾವ ತೀರ್ಮಾನ ಮಾಡಿದರು. ಫಾದರ್ ವಾರಕ್ಕೊಮ್ಮೆ ಬಾವಿ ನೀರನ್ನು ಆಶೀರ್ವದಿಸಿ ಹೂಜಿಯಲ್ಲಿ ಇಡುತ್ತಿದ್ದರು. ಅದನ್ನೇ ಸ್ಟೀಲಿನ ಫ್ಲಾಸ್ಕಿಗೆ ತುಂಬಿಕೊಂಡು, ನೋಯುವ ಮಂಡಿ ಎಳೆದುಕೊಂಡು ದಿನಾ ಸಂಜೆ ತರುತ್ತಿದ್ದರು. ಊರಿಗೆಲ್ಲ ದೂರದ ಕೆರೆಯಿಂದ ನಲ್ಲಿ ನೀರು ಬರುತ್ತೆ. ಇಡೀ ಊರಿನಲ್ಲಿ ಬಾವಿ ನೀರು ಕುಡಿಯುತ್ತಿದ್ದವಳು ನಮ್ಮಕ್ಕ ಒಬ್ಬಳೇ.

ಹೋದ ವರ್ಷ ಗುಲಾಬಿ ಸತ್ತಿತು. ಗೆದ್ದಲು ಇರಬೇಕು ಅಂತ ಭಾವ ಅಲ್ಲೇ ಹೊಸ ಕಡ್ಡಿ ನೆಟ್ಟರು. ಅದೂ ಕಪ್ಪಗಾಯಿತು. ಅದೇ ಗಿಡದಿಂದ ಹಿಂದೆ ತಂದಿದ್ದ ಕಡ್ಡಿ ಮಾತ್ರ ಮನೆ ಹಿತ್ತಲಲ್ಲಿ ನಲ್ಲಿ ನೀರು ಕುಡಿದು ಗುಂಡಗೆ ಬೆಳೆದಿತ್ತು. ಭಾವನ ಓದು ನಾಲ್ಕನೇ ಕ್ಲಾಸಿಗೆ ನಿಂತದ್ದು. ಆದರೂ ಎರಡು ಡಬ್ಬಕ್ಕೆ ಹಿತ್ತಲ ಮಣ್ಣೇ ತುಂಬಿ, ಎರಡರಲ್ಲೂ ಕಡ್ಡಿ ನೆಟ್ಟು, ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಬಾವಿ ನೀರು ಹಾಕುತ್ತಾ ಬಂದರು. ಒಂದು ತಿಂಗಳಾದ ಮೇಲೆ ಡಬ್ಬ ಎರಡನ್ನೂ ಹೊತ್ತು ತಂದು ನನ್ನ ಅಡುಗೆಮನೆ ಹೊಸ್ತಿಲಲ್ಲಿಟ್ಟು ಕೂತರು. ಒಂದರಲ್ಲಿ ಚಿಗುರು, ಇನ್ನೊಂದರಲ್ಲಿ ಸುಟ್ಟಂಥ ಕಡ್ಡಿ.

"ನಾನು ಅವಳಿಗೆ ಮೂರು ವರ್ಷ ಕುಡಿಸಿದ್ದೀನಲ್ಲೇ" ಅಂದರು.

ಆಗ ನನಗೂ ಒಂದು ವಿಷಯ ಹೊಳೆಯಿತು. ಕ್ಯಾಂಟೀನಿನ ಅಂಗಳದಲ್ಲೇ ಎರಡು ಬೋರ್‌ವೆಲ್ ಇವೆ. ಅವುಗಳ ಹನಿ ನೀರೂ ಒಳಗೆ ತರುವುದಿಲ್ಲ, ಅಡುಗೆಗೂ ಪಾತ್ರೆಗೂ ನೀರು ಟ್ಯಾಂಕರಿನಲ್ಲಿ ಎಲ್ಲಿಂದಲೋ ಬರುತ್ತೆ. ಹನ್ನೊಂದು ವರ್ಷ ಆ ನೀರಲ್ಲಿ ಪಾತ್ರೆ ಬೆಳಗಿದ್ದೇನೆ, ಯಾಕೆ ಅಂತ ಒಂದು ದಿನ ಕೇಳಿಲ್ಲ. ಭಾವನಿಗೆ ಅದನ್ನು ಹೇಳುವಾಗ ಅವರ ಮುಖ ನೋಡೋಕಾಗಲಿಲ್ಲ ನನಗೆ.

ಫಾದರ್ ಸಣ್ಣ ವಯಸ್ಸಿನವರು, ಮನುಷ್ಯ ಒಳ್ಳೆಯವರೇ. ಬಾಟಲಿಯಲ್ಲಿ ನೀರು ಪರೀಕ್ಷೆಗೆ ಕಳಿಸಿದರು. ಮನುಷ್ಯರಿರಲಿ, ದನಕ್ಕೂ ಕೊಡಬಾರದು ಅಂತ ಬಂತು.

"ನೀವು ಆಶೀರ್ವಾದ ಮಾಡಿದ ಮೇಲೂ ವಿಷ ಹೋಗಲ್ವಾ ಫಾದರ್?" ಅಂತ ಭಾವ ಕೇಳಿದರು.

ಫಾದರ್ ಆ ಪರೀಕ್ಷೆಯ ಕಾಗದ ಮಡಚಿಟ್ಟರು. "ದೇವರು ನೀರು ಕೊಟ್ಟ. ಅದರೊಳಗೆ ನಾವು ಹಾಕಿದ್ದನ್ನೂ ಅವನೇ ತೆಗೀಲಿ ಅಂತ ಹೇಗೆ ಕೇಳ್ಲಿ?" ಅಂದರು.

ಆ ಭಾನುವಾರ ಪೂಜೆಯ ಉಪದೇಶದಲ್ಲಿ ಅದನ್ನೇ ಹೇಳಿದರು. ಭೂಮಿಯನ್ನು ನಮ್ಮ ಕೈಗೆ ಕೊಟ್ಟದ್ದು ಕಾಯೋಕೆ, ಅಗೆದು ಮುಗಿಸೋಕಲ್ಲ ಅಂತ. ಗಣಿಯವರು ಕೊಟ್ಟ ಬೆಂಚಿನ ಮೇಲೆ ಕೂತು ಎಲ್ಲರೂ ತಲೆಯಾಡಿಸಿದೆವು. ಸೋಮವಾರ ಬೆಳಿಗ್ಗೆ ಗಣಿಯ ಬಸ್ಸಿನಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ. ನಾನೂ ಕಂಬಿ ಹಿಡಿದು ನಿಂತಿದ್ದೆ. ಬಾವಿಗೆ ಕಬ್ಬಿಣದ ಮುಚ್ಚಳ ಬಂತು, ಚರ್ಚಿಗೆ ಕ್ಯಾನ್ ನೀರು ಬಂತು. ಅದನ್ನೂ ಗಣಿಯವರೇ ಕಳಿಸಿದರು.

ಭಾವನಿಗೆ ಬೇಕಾಗಿದ್ದದ್ದು ಒಂದೇ ಮಾತು, ನಿನ್ನಿಂದಲ್ಲ ಅಂತ. ಕಿಡ್ನಿ ಮೊದಲೇ ಕೆಟ್ಟಿತ್ತು, ನೀರಿನಿಂದ ಎಷ್ಟು ಹೆಚ್ಚಾಯಿತೋ ಹೇಳೋಕಾಗಲ್ಲ ಅಂದರು ಡಾಕ್ಟರು. ನಾನು ಹೇಳಿದರೆ ಅವರು ನಂಬಲಿಲ್ಲ. ಉಳಿದವಳು ಅಕ್ಕ. ಅವಳೆದುರು ಬಾಯಿ ಬಿಡೋಕೆ ಅವರಿಗೆ ಎರಡು ವಾರ ಬೇಕಾಯಿತು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. ನಾನು ಬಾಗಿಲಲ್ಲಿದ್ದೆ.

ಅಕ್ಕ ಸೂರು ನೋಡುತ್ತಾ ಕೇಳಿಸಿಕೊಂಡಳು. "ಅದೇ ಮತ್ತೆ, ತುಕ್ಕು ನೆಕ್ಕಿದ ಹಾಗಿರ್ತಿತ್ತು" ಅಂದಳು.

"ಗೊತ್ತಾಗ್ತಿತ್ತಾ? ಯಾಕೆ ಹೇಳ್ಲಿಲ್ಲ?"

"ಆ ಮಂಡಿ ಎಳ್ಕೊಂಡು ತರ್ತಿದ್ರಿ. ಬೇಡ ಅಂತ ಹೇಗನ್ಲಿ?"

ಭಾವ ಎದ್ದು ಹಿತ್ತಲಿಗೆ ಹೋದರು. ಅವರು ಅಳುವುದನ್ನು ನಾನು ಮೊದಲು ಕೇಳಿದ್ದು ಅವತ್ತೇ.

ಅಕ್ಕ ಆಮೇಲೆ ಹತ್ತೊಂಬತ್ತು ದಿನ ಬದುಕಿದಳು. ಅವಳನ್ನು ಹೂತದ್ದು ಗುಡ್ಡದ ಕೆಳಗಿನ ಅದೇ ಮಣ್ಣಿನಲ್ಲಿ, ನಮಗೆ ಬೇರೆ ಮಣ್ಣಿಲ್ಲ. ಗುಂಡಿಯ ಹತ್ತಿರ ಫಾದರ್ ಪ್ರಾರ್ಥನೆ ಮುಗಿಸಿ, ಪೆಟ್ಟಿಗೆಯ ಮೇಲೆ ಚಿಮುಕಿಸಲಿ ಅಂತ ಆಶೀರ್ವದಿಸಿದ ನೀರಿನ ಪಾತ್ರೆಯನ್ನು ಭಾವನ ಮುಂದೆ ಹಿಡಿದರು. ಭಾವ ಕೈ ಚಾಚಲಿಲ್ಲ.

"ಇದು ಯಾವ ನೀರು ಫಾದರ್?" ಅಂದರು.

"ಕ್ಯಾನಿಂದು" ಅಂದರು ಫಾದರ್.

ಭಾವ ಅದರಲ್ಲಿ ಬೆರಳದ್ದಿ, ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಚಿಮುಕಿಸಿದರು.