ಏಳನೆಯ ಹೆಸರಿಗೆ ಬಂದ ಉತ್ತರ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಳೆದ ಜುಲೈಯಲ್ಲಿ ಅರಬ್ ನಾಡಿನ ಅಲ್ ಅಹ್ಸಾದ ಮರಳಿನಲ್ಲಿ ನಾನೇ ಕಿವಿಯಾರೆ ಕೇಳಿದ್ದು ಇದು.

ನಾನು ಹಮೀದ್, ಬಂಟ್ವಾಳದವನು. ರಾಬರ್ಟ್ ಸಾರ್ ಎಂಬ ಅಮೆರಿಕದ ವಯಸ್ಸಾದ ಎಂಜಿನಿಯರ್‌ಗೆ ಒಂಬತ್ತು ವರ್ಷ ಡ್ರೈವರ್ ಆಗಿದ್ದೆ. ಅವರ ಹಿರಿಯರು ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದವರು. ಆ ದೇಶದ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಎದುರು ಬಂದೂಕು ಹಿಡಿದವರು ಅವರಲ್ಲಿ ಏಳು ಮಂದಿ. ಪ್ರತಿ ವರ್ಷ ಅಮೆರಿಕದ ಸ್ವಾತಂತ್ರ್ಯ ದಿನದ ಸಂಜೆ ಸಾರ್ ನನ್ನನ್ನು ಊರಾಚೆ ಕರೆದೊಯ್ದು, ಸೈನ್ಯದ ಹಾಜರಿಯಂತೆ ಆ ಏಳು ಹೆಸರು ಕೂಗುತ್ತಿದ್ದರು. ಒಂದೊಂದಕ್ಕೂ ನಾನು "ಹಿಯರ್" ಎನ್ನಬೇಕು.

"ಸತ್ತವರ ಪರವಾಗಿ ಬದುಕಿರುವವರು ಉತ್ತರ ಕೊಡಬೇಕು, ಹಮೀದ್."

ಕಳೆದ ವರ್ಷ ಆ ದಿನ, ನಾವಿದ್ದ ಕಾಂಪೌಂಡಿನ ಗೇಟಿನಲ್ಲಿ ವಾಚ್‌ಮನ್ ಸದಾನಂದಣ್ಣ ತಡೆದರು. "ಎಂತ ಮಾರಾಯ, ಈ ಬಿಸಿಗೆ ಸಾರನ್ನು ಎಲ್ಲಿಗೆ ಕರ್ಕೊಂಡು ಹೋಗುದು? ಅವರ ಹಾರ್ಟು ಸರಿ ಇಲ್ಲ."

"ವರ್ಷಕ್ಕೊಮ್ಮೆ ಅಲ್ವಾ ಅಣ್ಣ, ಬೇಗ ಬರ್ತೇವೆ."

ಬರಲಾಗಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾರಿನ ಚಕ್ರ ಮರಳಿನಲ್ಲಿ ಹೂತುಹೋಯಿತು. ಕೈಯಲ್ಲೇ ಅಗೆದೆ... ಉಗುರು ಕಿತ್ತುಬಂತು. ಇಂಜಿನ್ನಿನಿಂದ ಸುಟ್ಟ ವಾಸನೆ, ಏಸಿ ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಸಾರ್ ಎದೆ ಹಿಡಿದುಕೊಂಡು ಕುಸಿದರು.

ಉಳಿದಿದ್ದ ಗುಟುಕು ನೀರು ಬಾಯಿಗೆ ಬಿಟ್ಟೆ. ತುಟಿಯಂಚಿನಿಂದ ಹೊರಗೆ ಹರಿಯಿತು. ಬೆನ್ನ ಮೇಲೆ ಹೊತ್ತುಕೊಂಡು ಹೊರಟೆ. ರಸ್ತೆ ಯಾವ ಕಡೆ? ಯಾ ಅಲ್ಲಾಹ್... ಎಲ್ಲ ಕಡೆಯೂ ಒಂದೇ ಕತ್ತಲು.

"ಹೆಸರು... ಕೂಗು," ಸಾರ್ ಪಿಸುಗುಟ್ಟಿದರು.

ಅವರಿಗೆ ಎಚ್ಚರ ತಪ್ಪದಿರಲಿ ಎಂದು ಕೂಗಿದೆ. "ಜೇಮ್ಸ್!"

"ಹಿಯರ್..."

ದನಿ ಬಂದದ್ದು ನನ್ನ ಬೆನ್ನಿನಿಂದಲ್ಲ. ದೂರದಿಂದ, ಎಡಗಡೆಯ ಕತ್ತಲಿನಿಂದ.

ಮೈಯ ಬೆವರು ತಣ್ಣಗಾಯಿತು. ಆದರೂ ಅತ್ತ ಮನುಷ್ಯರಿರಬಹುದಲ್ಲ? "ಯಾರದು? ಹೆಲ್ಪ್!" ಎಂದು ಅರಚಿಕೊಂಡು ಓಡಿದೆ. ಸದ್ದಿಲ್ಲ. "ವಿಲಿಯಂ!" ಎಂದಾಗ ಮಾತ್ರ ಬೇರೊಂದು ಗಂಟಲು... "ಹಿಯರ್." ಅದರ ಜತೆ ಮಳೆಯಲ್ಲಿ ನೆಂದ ಕಂಬಳಿಯ ವಾಸನೆ. ಆ ಮರುಭೂಮಿಯಲ್ಲಿ!

ಹೆಸರು ಕೂಗುತ್ತಾ, ದನಿ ಬಂದತ್ತ ನಡೆಯುತ್ತಾ ಹೋದೆ. ಆರು ಮುಗಿಯಿತು. ಎದುರಿಗೆ ಮರಳಿನ ದಿಬ್ಬ, ನನ್ನ ಕಾಲಿನಲ್ಲಿ ತ್ರಾಣವಿಲ್ಲ. ಏಳನೆಯವನ ಹೆಸರೂ ರಾಬರ್ಟ್. ಅದನ್ನೇ ಸಾರ್‌ಗೆ ಇಟ್ಟದ್ದು. ಏಕೋ ಬಾಯಿ ಬರಲಿಲ್ಲ. ಆದರೆ ಕೂಗದೆ ದಾರಿ ತಿಳಿಯುವುದು ಹೇಗೆ?

"ರಾಬರ್ಟ್!"

"ಹಿಯರ್."

ದಿಬ್ಬದ ತುದಿಯಿಂದ. ಸಾರ್‌ದೇ ದನಿ.

ಅಲ್ಲಿಯವರೆಗೆ ಕುತ್ತಿಗೆಗೆ ತಾಗುತ್ತಿದ್ದ ಸಾರ್ ಉಸಿರು ಆಗ ಇರಲಿಲ್ಲ...

ದಿಬ್ಬದಾಚೆಯೇ ರಸ್ತೆ. ಪಠಾಣನೊಬ್ಬ ಲಾರಿ ನಿಲ್ಲಿಸಿ ಆಸ್ಪತ್ರೆಗೆ ಮುಟ್ಟಿಸಿದ. ಡಾಕ್ಟರು ನಾಡಿ ಹಿಡಿದು ನೋಡಿ, "ಜೀವ ಹೋಗಿ ಸುಮಾರು ಹೊತ್ತಾಯಿತು" ಎಂದರು.

ಆ ವಾರವೇ ಅಮೆರಿಕದಿಂದ ಸಾರ್ ಮಗಳು ಫೋನ್ ಮಾಡಿದರು. "ಕೊನೆಗೆ ಅಪ್ಪ ಏನಾದರೂ ಹೇಳಿದರಾ?"

"ಇಲ್ಲ ಮೇಡಂ."

ನಾನು ಹೇಳಿದ ಆ 'ಇಲ್ಲ' ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ಆ ಹೆಸರು ಕೂಗಿ ನಾನು ಕರೆದದ್ದು ಅವರ ಹಿರಿಯನನ್ನೋ... ಅಥವಾ ಸಾರನ್ನೇ ಆ ಸತ್ತವರತ್ತ ಕಳಿಸಿಬಿಟ್ಟೆನೋ?