ಸಭೆಗೆ ಹೋಗುವ ಸಮುಯೇಲು

ತುವಾಲು ದ್ವೀಪದೇಶದ ರಾಜಧಾನಿ ಫುನಾಫುಟಿಯಲ್ಲಿ ಎಲ್ಲಾದರೂ ಒಂದೆಳೆ ಹೊಗೆ ಎದ್ದರೆ ಸಾಕು, ಆರಿಸಲು ಸಮುಯೇಲು ಅಲ್ಲಿ ಹಾಜರು. ನೆರೆಹೊರೆಯ ದ್ವೀಪದೇಶಗಳು ಒಟ್ಟುಗೂಡಿ, ಭೂಮಿ ಬಿಸಿಯಾಗಿ ಕಡಲೇರಿ ತಮ್ಮ ತಗ್ಗು ನೆಲ ಮುಳುಗದಂತೆ ಹೊಗೆ ತಗ್ಗಿಸುವ ಮಾತಾಡುವ ಸಭೆಗಳಿಗೆಲ್ಲ ತುವಾಲುವಿನ ಪರವಾಗಿ ಹೋಗುವವನು ಅವನೇ. ಅದಕ್ಕೆಂದೇ ಸ್ಕೂಟರ್ ಬಿಟ್ಟು ಸೈಕಲ್ ಹಿಡಿದಿದ್ದಾನೆ. ಪಾದ್ರಿಗಳು 'ಆಮೆನ್' ಎನ್ನುವ ಮೊದಲೇ ಡೀಸೆಲ್ ಕರೆಂಟಿನಲ್ಲಿ ತಿರುಗುವ ಚರ್ಚಿನ ಫ್ಯಾನು ಆರಿಸುತ್ತಾನೆ. "ಸಮುಯೇಲಣ್ಣ, ನಮ್ಮ ದೇಶದ ಹೊಗೆಯೆಲ್ಲ ಸೇರಿಸಿದ್ರೂ ದೊಡ್ಡ ದೇಶದ ಒಂದು ಬೀದಿಗೆ ಸಾಲಲ್ಲ!" ಎಂದು ಮೀನುಗಾರರು ನಗುತ್ತಾರೆ. "ಚಿಕ್ಕವರು ಮೊದಲು ಬಿಟ್ರೆ ದೊಡ್ಡವರಿಗೆ ನಾಚ್ಕೆ ಆಗತ್ತೆ ಕಣ್ರೋ. ನಮ್ಮ ನೆಲ ಎಲ್ಲಿಗೂ ಹೋಗಲ್ಲ," ಎನ್ನುತ್ತಾನೆ; ಸಭೆಯಲ್ಲೂ ಅದೇ ಮಾತು, ಊಟಕ್ಕೆ ಕೂತರೂ ಅದೇ ಮಾತು. ಆ ಮಾತನ್ನು ನಂಬಿಕೊಂಡೇ ಹೆಂಡತಿ ಲಿತಿಯಾ ಪ್ರತಿ ಶನಿವಾರ ಅಂಗಳದಲ್ಲಿರುವ ಮಗಳ ಸಮಾಧಿಯ ಮೇಲೆ, ಪ್ರಾರ್ಥನೆ ಹೇಳುತ್ತ, ಬಿಳಿ ಹವಳದ ಕಲ್ಲು ಹರಡುತ್ತಾಳೆ. ಒಂದೆರಡು ಕಾಣೆಯಾದರೆ ಕಡಲಿನ ಉಬ್ಬರ ಒಯ್ದಿತೆಂದುಕೊಳ್ಳುತ್ತಾಳೆ. ಈ ಸಲ ಅವನ ಪೆಟ್ಟಿಗೆಗೆ ಬಟ್ಟೆ ಜೋಡಿಸುವಾಗ ಕಾಲುಚೀಲದೊಳಗೆ ಅಂಥದೇ ಕಲ್ಲೊಂದು ಸಿಕ್ಕಿತು. ಅದನ್ನು ಅವನ ಮುಂದೆ ಹಿಡಿದಳು. "ಇದೇನ್ರೀ? ನಮ್ಮ ಮಗೂ ಸಮಾಧೀದಲ್ವಾ?" ಸಮುಯೇಲು ತಲೆ ತಗ್ಗಿಸಿದ. "ಹೋದ ದೇಶದಲ್ಲೆಲ್ಲ ಎತ್ತರದ ಗುಡ್ಡ ನೋಡಿ ಒಂದೊಂದು ಹೂತಿಟ್ಟು ಬರ್ತೀನಿ, ಲಿತಿಯಾ. ಅಲ್ಲಿಗೆ ನೀರು ಬರಲ್ಲ."